ವಿಮೆ ಕೇಂದ್ರದ್ದು, ಅಳತೆ ರಾಜ್ಯದ್ದು

ದಾವಣಗೆರೆ ತಾಲ್ಲೂಕಿನ ಆನಗೋಡು, ಮಾಯಕೊಂಡದ ಕಡೆ ಮಳೆ ನಂಬಿ ಮೆಕ್ಕೆಜೋಳ ಹಾಕಿದ ರೈತರು ಬೆಳೆ ವಿಮೆ ಬರಲಿಲ್ಲವೆಂದು ಮೊದಲು ಹೋಗುವುದು ರೈತ ಸಂಪರ್ಕ ಕೇಂದ್ರಕ್ಕೆ. ಅಲ್ಲಿ ಕೆಲಸವಾಗದಿದ್ದರೆ ತಹಶೀಲ್ದಾರ್ ಕಚೇರಿಗೆ, ಆಮೇಲೆ ಜಿಲ್ಲಾಧಿಕಾರಿಗೆ ಮನವಿ. ಹರಿಹರ ತಾಲ್ಲೂಕಿನ ಮಲೇಬೆನ್ನೂರು ಭಾಗದಲ್ಲಿ ಭದ್ರಾ ನಾಲೆ ನೀರಿಗೆ ಭತ್ತ ನಾಟಿ ಮಾಡಿದವರೂ ಇದೇ ದಾರಿ ಹಿಡಿಯುತ್ತಾರೆ. ಕಾನೂನಿನ ಕಣ್ಣಲ್ಲಿ ನೋಡಿದರೆ ಈ ಮೂರೂ ಕಚೇರಿಗಳಿಗೆ ವಿಮಾ ಕಂಪನಿಯ ಪರವಾನಗಿ ಕೊಡುವ, ಕಸಿಯುವ, ದಂಡ ಹಾಕುವ ಅಧಿಕಾರವಿಲ್ಲ. ಅದೆಲ್ಲ ಹೈದರಾಬಾದಿನಲ್ಲಿರುವ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ್ದು, ಅಂದರೆ ಐಆರ್‌ಡಿಎಐನದ್ದು.

ಹಾಗಿದ್ದರೂ ರೈತರು ತಪ್ಪು ಬಾಗಿಲು ತಟ್ಟುತ್ತಿಲ್ಲ ಎಂಬುದು ಈ ಲೇಖನದ ನಿಲುವು. ಕಂಪನಿಯ ಬಂಡವಾಳವನ್ನು ಕೇಂದ್ರ ಕಾಯುತ್ತದೆ, ನಿಜ. ಆದರೆ ಯಾವ ಬೆಳೆಗೆ ವಿಮೆ, ಯಾವ ಊರು ಒಂದು ಘಟಕ, ಎಷ್ಟು ಇಳುವರಿ ಬಂತು, ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆ ಎಂಬುದನ್ನೆಲ್ಲ ನಿರ್ಧರಿಸುವುದು ರಾಜ್ಯ. ವಿಮೆಯ ಹಣ ಕೈಗೆ ಬರುತ್ತದೋ ಇಲ್ಲವೋ ಎಂಬುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ. ಈ ಅಧಿಕಾರ ಹೇಗೆ ಬಂತು, ಅದರ ಬಗ್ಗೆ ಯಾರ ವಾದವೇನು ಎಂಬುದನ್ನು ದಾವಣಗೆರೆ-ಹರಿಹರದ ನೆಲದಲ್ಲಿ ನಿಂತು ನೋಡಬೇಕು.

ಸಂಸ್ಥಾನದಿಂದ ಏಳನೇ ಅನುಸೂಚಿಗೆ

ವಿಮೆ ನಡೆಸುವುದು ಕನ್ನಡ ನಾಡಿನ ಸರ್ಕಾರಕ್ಕೆ ಹೊಸತಲ್ಲ. ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿ ಮೈಸೂರು ಸರ್ಕಾರ ತನ್ನ ನೌಕರರಿಗಾಗಿ ಜೀವ ವಿಮೆ ಆರಂಭಿಸಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ನೌಕರರ ಬಾಯಲ್ಲಿ ಕೆಜಿಐಡಿ, ಅದರದೇ ಮುಂದುವರಿಕೆ.

ಅದೇ ಮೈಸೂರಿನಲ್ಲಿ ಜೆ.ಎಸ್. ಚಕ್ರವರ್ತಿ ಎಂಬ ಅಧಿಕಾರಿ 1920ರಲ್ಲಿ ಕೃಷಿ ವಿಮೆಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಒಬ್ಬೊಬ್ಬ ರೈತನ ಹೊಲಕ್ಕೂ ಹೋಗಿ ನಷ್ಟ ಅಳೆಯುವುದು ಆಗದ ಮಾತು. ಅದರ ಬದಲು ಒಂದು ಪ್ರದೇಶದ ಮಳೆಯನ್ನು ಅಳೆಯೋಣ, ಮಳೆ ಇಂತಿಷ್ಟಕ್ಕಿಂತ ಕಡಿಮೆಯಾದರೆ ಅಲ್ಲಿನ ವಿಮೆದಾರರಿಗೆಲ್ಲ ಹಣ ಕೊಡೋಣ ಎಂದು ಅವರು ಸೂಚಿಸಿದರು. ಆಗ ದಾವಣಗೆರೆ, ಹರಿಹರ ಎರಡೂ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ತುಂಗಭದ್ರೆಯ ಆಚೆ ದಡ ಮುಂಬೈ ಪ್ರಾಂತ್ಯ. ಚಕ್ರವರ್ತಿಯವರ ಯೋಜನೆ ಆಗ ಜಾರಿಗೆ ಬರಲಿಲ್ಲ. ಇಂದು ಜಗತ್ತಿನ ಹಲವೆಡೆ ನಡೆಯುತ್ತಿರುವ ಹವಾಮಾನ ಆಧಾರಿತ ವಿಮೆಯ ಮೂಲ ಯೋಚನೆ ನೂರು ವರ್ಷದ ಹಿಂದೆ ಇಲ್ಲಿ ಅಚ್ಚಾಗಿತ್ತು ಎಂಬುದನ್ನು ನಮ್ಮ ಶಾಲಾ ಪುಸ್ತಕಗಳು ಹೇಳಬೇಕಿತ್ತು.

1935ರ ಭಾರತ ಸರ್ಕಾರ ಕಾಯ್ದೆ ವಿಮೆಯನ್ನು ಕೇಂದ್ರದ ಪಟ್ಟಿಗೆ ಸೇರಿಸಿದರೂ, ಒಕ್ಕೂಟಕ್ಕೆ ಸೇರುವ ಸಂಸ್ಥಾನಗಳು ತಾವೇ ನಡೆಸುವ ವಿಮೆಯನ್ನು ಹೊರಗಿಟ್ಟಿತ್ತು. ಸಂವಿಧಾನದಲ್ಲಿ ಆ ವಿನಾಯಿತಿ ಉಳಿಯಲಿಲ್ಲ. ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯ 47ನೇ ನಮೂದು ಬರೀ ಒಂದು ಪದ: ವಿಮೆ. ಆದರೆ ಸಮವರ್ತಿ ಪಟ್ಟಿಯ 23ನೇ ನಮೂದಿನಲ್ಲಿ ಸಾಮಾಜಿಕ ಭದ್ರತೆ ಮತ್ತು ಸಾಮಾಜಿಕ ವಿಮೆ ಇದೆ. ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ಕೃಷಿ ಇವೆಲ್ಲ ರಾಜ್ಯ ಪಟ್ಟಿಯಲ್ಲಿವೆ. ವಾದವೆಲ್ಲ ಹುಟ್ಟುವುದು ಈ ಹಂಚಿಕೆಯಿಂದಲೇ.

ಕಾವಲು ಒಬ್ಬರ ಕೈಯಲ್ಲೇ ಇರಲಿ ಎನ್ನುವವರು

ವಿಮೆಯ ನಿಯಂತ್ರಣ ಪೂರ್ತಿ ಕೇಂದ್ರದಲ್ಲೇ ಇರಬೇಕು ಎನ್ನುವವರ ವಾದಕ್ಕೆ ಗಟ್ಟಿ ಇತಿಹಾಸವಿದೆ. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ಸಣ್ಣಪುಟ್ಟ ವಿಮಾ ಕಂಪನಿಗಳು ತುಂಬಿದ್ದವು. ಪಾಲಿಸಿದಾರರ ಹಣವನ್ನು ಮಾಲೀಕರು ತಮ್ಮ ಇತರ ವ್ಯವಹಾರಕ್ಕೆ ಬಳಸಿಕೊಂಡ ಪ್ರಕರಣಗಳನ್ನು ಫಿರೋಜ್ ಗಾಂಧಿ 1955ರಲ್ಲಿ ಲೋಕಸಭೆಯಲ್ಲಿ ಬಯಲಿಗೆಳೆದರು. 1956ರ ಜನವರಿಯಲ್ಲಿ ಸುಗ್ರೀವಾಜ್ಞೆ ಬಂತು, ಸೆಪ್ಟೆಂಬರ್ 1ರಂದು 245 ಸಂಸ್ಥೆಗಳನ್ನು ಒಳಗೊಂಡು ಜೀವ ವಿಮಾ ನಿಗಮ ಶುರುವಾಯಿತು. ಸಾಮಾನ್ಯ ವಿಮೆಯ ರಾಷ್ಟ್ರೀಕರಣ 1973ರಲ್ಲಿ. 1994ರ ಮಲ್ಹೋತ್ರ ಸಮಿತಿಯ ವರದಿ ಖಾಸಗಿಯವರಿಗೆ ಬಾಗಿಲು ತೆರೆಯಲು ಹೇಳಿತು, 1999ರ ಕಾಯ್ದೆ ಪ್ರಾಧಿಕಾರವನ್ನು ಹುಟ್ಟುಹಾಕಿತು.

ಈ ಪಂಥದವರು ಹೇಳುವುದಿಷ್ಟು: ವಿಮೆ ಎಂದರೆ ಅಪಾಯವನ್ನು ದೂರದೂರದವರ ನಡುವೆ ಹಂಚುವುದು. ದಾವಣಗೆರೆಯಲ್ಲಿ ಬರ ಬಿದ್ದಾಗ ಪಂಜಾಬಿನಲ್ಲಿ ಸಂಗ್ರಹವಾದ ಹಣ ನೆರವಿಗೆ ಬರಬೇಕು. ರಾಜ್ಯಕ್ಕೊಂದು ಕಾನೂನು ಬಂದರೆ ಆ ಹಂಚಿಕೆ ಮುರಿಯುತ್ತದೆ, ಚುನಾವಣೆ ಹತ್ತಿರ ಬಂದಾಗಲೆಲ್ಲ ಕಂತು ಇಳಿಸುವ ಒತ್ತಡ ಹುಟ್ಟುತ್ತದೆ.

ಅಮೆರಿಕದ್ದು ಇದಕ್ಕೆ ತದ್ವಿರುದ್ಧ ಕಥೆ. ವಿಮೆ ಅಂತರರಾಜ್ಯ ವಾಣಿಜ್ಯವಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1869ರಲ್ಲಿ ಹೇಳಿತ್ತು. 1944ರಲ್ಲಿ ಅದು ತನ್ನ ನಿಲುವು ಬದಲಿಸಿದಾಗ, ಮರುವರ್ಷವೇ ಮೆಕಾರನ್-ಫರ್ಗ್ಯುಸನ್ ಕಾಯ್ದೆ ತಂದು ಸಂಸತ್ತು ಅಧಿಕಾರವನ್ನು ರಾಜ್ಯಗಳಲ್ಲೇ ಉಳಿಸಿತು. ಅಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ವಿಮಾ ನಿಯಂತ್ರಕರಿದ್ದಾರೆ, ದೂರು ಕೊಡಲು ಬೇರೆ ರಾಜ್ಯಕ್ಕೆ ಹೋಗಬೇಕಿಲ್ಲ. ನಮ್ಮಲ್ಲಿ ಕಂಪನಿಗಳ ಭದ್ರತೆಗೆ ಕೇಂದ್ರ ವ್ಯವಸ್ಥೆ ಒಳ್ಳೆಯ ಕಾವಲೇ ಆಗಿದೆ. ಆದರೆ ಹೊಲದಲ್ಲಿ ಇಳುವರಿಯನ್ನು ಸರಿಯಾಗಿ ತೂಗಿದರೇ ಎಂಬುದು ಈ ಪಂಥ ಕೇಳಿಕೊಳ್ಳುವ ಪ್ರಶ್ನೆಯಲ್ಲ.

ರಾಜ್ಯವೇ ನಡೆಸಲಿ ಎನ್ನುವವರು

ಎರಡನೆಯವರು ಕೆಜಿಐಡಿಯನ್ನು ತೋರಿಸುತ್ತಾರೆ. ನೌಕರರ ಸಂಬಳದಿಂದ ಕಡ್ಡಾಯವಾಗಿ ಹಣ ಹಿಡಿದು ಸರ್ಕಾರವೇ ನಡೆಸುವ ಯೋಜನೆಗಳನ್ನು 1956ರ ಎಲ್‌ಐಸಿ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹಾಗಾಗಿ ರಾಷ್ಟ್ರೀಕರಣದ ಅಲೆಯಲ್ಲೂ ಮೈಸೂರಿನ ಇಲಾಖೆ ಉಳಿಯಿತು. 1958ರ ನಿಯಮಗಳ ಪ್ರಕಾರ ರಾಜ್ಯ ಸರ್ಕಾರಿ ನೌಕರರಿಗೆ ಈ ವಿಮೆ ಕಡ್ಡಾಯ. ದಾವಣಗೆರೆಯ ಶಾಲಾ ಮೇಷ್ಟ್ರು, ಹರಿಹರದ ಪೊಲೀಸ್ ಪೇದೆ, ಇಬ್ಬರ ಸಂಬಳ ಚೀಟಿಯಲ್ಲೂ ಕೆಜಿಐಡಿ ಕಡಿತದ ಸಾಲು ಇರುತ್ತದೆ. ಕೆಎಸ್‌ಆರ್‌ಟಿಸಿ ಬಸ್ಸುಗಳದೂ ಇದೇ ತತ್ವ: ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಸಾರಿಗೆ ಸಂಸ್ಥೆಗಳಿಗೆ ಸ್ವಂತ ನಿಧಿ ಇಟ್ಟುಕೊಂಡು ಹೊರಗಿನ ವಿಮೆಯಿಂದ ವಿನಾಯಿತಿ ಪಡೆಯಲು ಅವಕಾಶ ಕೊಟ್ಟಿದೆ.

ಇದರ ಇನ್ನೊಂದು ರೂಪ ಟ್ರಸ್ಟ್. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಸಲಹೆಯೊಂದಿಗೆ ರೂಪುಗೊಂಡ ಯಶಸ್ವಿನಿ ಆರೋಗ್ಯ ಯೋಜನೆ 2003ರ ಜೂನ್‌ನಲ್ಲಿ ಶುರುವಾದಾಗ ಸಹಕಾರ ಸಂಘದ ಸದಸ್ಯರು ಕಟ್ಟಬೇಕಿದ್ದದ್ದು ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಅಪಾಯವನ್ನು ಹೊತ್ತ ವಿಮಾ ಕಂಪನಿ ಅದರಲ್ಲಿ ಇರಲಿಲ್ಲ. ಟ್ರಸ್ಟ್ ಹಣ ಕೂಡಿಸಿ ಆಸ್ಪತ್ರೆಗೆ ಕೊಡುತ್ತಿತ್ತು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ ನಿಂತುಹೋಗಿದ್ದ ಯೋಜನೆಗೆ 2022ರ ಕೊನೆಯಲ್ಲಿ ಮತ್ತೆ ನೋಂದಣಿ ಶುರುವಾಯಿತು. ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದವರಿಗೆ 1,000, ಚಿಕಿತ್ಸೆಯ ಮಿತಿ 5 ಲಕ್ಷ.

2010ರ ವಾಜಪೇಯಿ ಆರೋಗ್ಯಶ್ರೀಯೂ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ನಡೆಯಿತು. ಅದು ಉತ್ತರ ಕರ್ನಾಟಕದಲ್ಲಿ ಮೊದಲು ಬಂದು ದಕ್ಷಿಣಕ್ಕೆ ತಡವಾಗಿ ಬಂದದ್ದರಿಂದ ಸಂಶೋಧಕರಿಗೆ ಅಪರೂಪದ ಅವಕಾಶ ಸಿಕ್ಕಿತು. ಗಡಿಯ ಎರಡೂ ಕಡೆಯ ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ, ಯೋಜನೆ ಇದ್ದ ಕಡೆ ಬಡ ಕುಟುಂಬಗಳಲ್ಲಿ ಯೋಜನೆಯಡಿ ಚಿಕಿತ್ಸೆ ಸಿಗುತ್ತಿದ್ದ ಕಾಯಿಲೆಗಳಿಂದಾಗುವ ಸಾವು ಶೇ 64ರಷ್ಟು ಕಡಿಮೆ ಎಂದು ಹೇಳಿತು. ಹರಿಹರ ಬೆಂಗಳೂರು ವಿಭಾಗದ ದಾವಣಗೆರೆ ಜಿಲ್ಲೆಗೆ ಸೇರಿದೆ, ಹೊಳೆಯಾಚೆಯ ರಾಣೆಬೆನ್ನೂರು ಬೆಳಗಾವಿ ವಿಭಾಗದ ಹಾವೇರಿ ಜಿಲ್ಲೆಗೆ. ಯೋಜನೆ ದಕ್ಷಿಣಕ್ಕೆ ಬರುವವರೆಗೆ, ಒಂದೇ ಸಂತೆಗೆ ಬರುವ ಈ ಎರಡು ಊರಿನ ಜನರಲ್ಲಿ ಒಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆ ಉಚಿತ, ಇನ್ನೊಬ್ಬರಿಗೆ ಸಾಲ. ಸರ್ಕಾರದ ಒಂದು ಆದೇಶದ ಗಡಿಗೆ ಇಷ್ಟು ತೂಕವಿರುತ್ತದೆ.

ಈ ಪಂಥದ ದೌರ್ಬಲ್ಯವೂ ಇಲ್ಲೇ ಇದೆ. ಟ್ರಸ್ಟ್ ವಿಮಾ ಕಂಪನಿ ಅಲ್ಲದ್ದರಿಂದ ಐಆರ್‌ಡಿಎಐ ಅದನ್ನು ಕೇಳುವಂತಿಲ್ಲ. ಕಂಪನಿಯಿಂದ ಪಾಲಿಸಿ ಪಡೆದವರು ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರಬಹುದು. ಟ್ರಸ್ಟ್‌ನ ಫಲಾನುಭವಿಗೆ ಸಿಗುವುದು ಸರ್ಕಾರವೇ ರಚಿಸಿದ ಕುಂದುಕೊರತೆ ಸಮಿತಿ. ಹಣ ಕೊಡುವವರೂ ದೂರು ಕೇಳುವವರೂ ಒಬ್ಬರೇ ಆದರೆ ತೀರ್ಪು ಎಷ್ಟು ಸ್ವತಂತ್ರವಾಗಿದ್ದೀತು?

ಟೆಂಡರ್ ಕರೆಯುವ ರಾಜ್ಯ

ಮೂರನೆಯ ವಾದ ನಮ್ಮ ಜಿಲ್ಲೆಗೆ ಎಲ್ಲಕ್ಕಿಂತ ಹತ್ತಿರದ್ದು. ಕಾನೂನು ಮಾಡಲಾಗದಿದ್ದರೂ ದೊಡ್ಡ ಗಿರಾಕಿಯಾಗಿ ರಾಜ್ಯ ಕಂಪನಿಗಳನ್ನು ಬಗ್ಗಿಸಬಲ್ಲದು ಎನ್ನುತ್ತದೆ ಅದು.

2016ರ ಮುಂಗಾರಿನಿಂದ ನಡೆದಿರುವ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಗೆ ಕರ್ನಾಟಕದಲ್ಲಿ ‘ಕರ್ನಾಟಕ ರೈತ ಸುರಕ್ಷಾ’ ಎಂಬ ಹೆಸರು ಮುಂದೆ ಸೇರಿದೆ. ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗೆ ರೈತರು ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5 ಕಟ್ಟಬೇಕು. ಉಳಿದ ಕಂತನ್ನು ಕೇಂದ್ರ, ರಾಜ್ಯ ಹಂಚಿಕೊಳ್ಳುತ್ತವೆ. 2020ರಿಂದ ಕೇಂದ್ರ ತನ್ನ ಪಾಲಿಗೆ ಮಿತಿ ಹಾಕಿಕೊಂಡಿತು: ಮಳೆಯಾಶ್ರಿತ ಬೆಳೆಗೆ ಶೇ 30, ನೀರಾವರಿಗೆ ಶೇ 25ರ ಕಂತಿನ ದರದವರೆಗೆ ಮಾತ್ರ. ಅದಕ್ಕಿಂತ ಮೇಲಿನದು ರಾಜ್ಯದ ತಲೆಗೆ. ಸಾಲ ಪಡೆದ ರೈತರಿಗಿದ್ದ ಕಡ್ಡಾಯವೂ ಆಗಲೇ ಹೋಯಿತು.

ಜಿಲ್ಲೆಗಳನ್ನು ಗುಂಪು ಮಾಡಿ ಟೆಂಡರ್ ಕರೆಯುವುದು, ಕಂಪನಿ ಆರಿಸುವುದು, ಯಾವ ಬೆಳೆ ಯಾವ ಮಟ್ಟದಲ್ಲಿ ಎಂದು ಅಧಿಸೂಚನೆ ಹೊರಡಿಸುವುದು ರಾಜ್ಯದ ಕೆಲಸ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ ಘಟಕ, ಉಳಿದವಕ್ಕೆ ಹೋಬಳಿ. ಒಂದು ಹೊಲವನ್ನು ಬಿಟ್ಟು ಒಂದು ಪ್ರದೇಶವನ್ನೇ ಘಟಕ ಮಾಡಬೇಕೆಂಬುದಕ್ಕೆ 1976ರಲ್ಲಿ ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್ ಬಲ ಕೊಟ್ಟರು. 1985ರ ಸಮಗ್ರ ಬೆಳೆ ವಿಮೆಯಿಂದ ಇಂದಿನವರೆಗೆ ಅದೇ ಬುನಾದಿ.

ಅಳತೆ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಒಂದು ಪಂಚಾಯಿತಿಯಲ್ಲಿ ಒಂದು ಮುಖ್ಯ ಬೆಳೆಗೆ ನಾಲ್ಕು ಬೆಳೆ ಕಟಾವು ಪ್ರಯೋಗ. ಸರ್ವೆ ನಂಬರ್ ಲಾಟರಿಯಂತೆ ಬರುತ್ತದೆ. ಕಂದಾಯ ಅಥವಾ ಕೃಷಿ ಇಲಾಖೆಯ ಸಿಬ್ಬಂದಿ ಹೊಲದೊಳಗೆ ಹೆಜ್ಜೆ ಎಣಿಸಿ ಒಂದು ಮೂಲೆ ಗುರುತು ಮಾಡಿ, ಗೂಟ ನೆಟ್ಟು, ಹಗ್ಗ ಎಳೆದು, ಸಾಮಾನ್ಯವಾಗಿ 5 ಮೀಟರ್ ಉದ್ದ 5 ಮೀಟರ್ ಅಗಲದ ಚೌಕ ಹಾಕುತ್ತಾರೆ. ಅದರೊಳಗಿನ ಬೆಳೆ ಕೊಯ್ದು, ಕಾಳು ಬಿಡಿಸಿ, ತೂಗಿ, ಮೊಬೈಲ್‌ನಲ್ಲಿ ಫೋಟೋ ಸಮೇತ ದಾಖಲಿಸುತ್ತಾರೆ. ವಿಮಾ ಕಂಪನಿಯ ಪ್ರತಿನಿಧಿಗೆ ಜೊತೆಗಿದ್ದು ನೋಡುವ ಹಕ್ಕಿದೆ. ಇಂಥ ನಾಲ್ಕು ಚೌಕಗಳ ಸರಾಸರಿಯೇ ಇಡೀ ಪಂಚಾಯಿತಿಯ ಇಳುವರಿ.

ಈ ಸರಾಸರಿಯನ್ನು ಪ್ರಾರಂಭಿಕ ಇಳುವರಿಯೊಂದಿಗೆ ಹೋಲಿಸುತ್ತಾರೆ. ಪ್ರಾರಂಭಿಕ ಇಳುವರಿ ಎಂದರೆ ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದರ ಸರಾಸರಿಗೆ ನಷ್ಟ ಭರ್ತಿಯ ಮಟ್ಟವನ್ನು ಗುಣಿಸಿ ಬರುವ ಅಂಕಿ. ಲೆಕ್ಕಕ್ಕೆಂದು ಅದನ್ನು ಹೆಕ್ಟೇರಿಗೆ 40 ಕ್ವಿಂಟಲ್ ಎನ್ನೋಣ. ಈ ವರ್ಷ 30 ಬಂದರೆ ವಿಮಾ ಮೊತ್ತದ ಕಾಲುಭಾಗ ಸಿಗುತ್ತದೆ. 41 ಬಂದರೆ ಯಾರಿಗೂ ಒಂದು ರೂಪಾಯಿಯೂ ಇಲ್ಲ, ನಿಮ್ಮ ಹೊಲ ಪೂರ್ತಿ ಒಣಗಿದ್ದರೂ ಸರಿಯೇ. ಎರೆ ಹೊಲವೂ ಮಸಾರಿ ಹೊಲವೂ ಒಂದೇ ಪಂಚಾಯಿತಿಯಲ್ಲಿರುವ ನಮ್ಮ ಸೀಮೆಯಲ್ಲಿ ಈ ಸರಾಸರಿ ಎಷ್ಟು ಜನರನ್ನು ಹೊರಗಿಡುತ್ತದೆಂದು ಊಹಿಸಬಹುದು. 2018ರಲ್ಲಿ ಕರ್ನಾಟಕದ ಮೆಕ್ಕೆಜೋಳದಲ್ಲಿ ದೇಶದಲ್ಲೇ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಾಗಲಿ, ನಾಲೆಯ ಕೊನೆಭಾಗಕ್ಕೆ ಮುಟ್ಟದ ನೀರಾಗಲಿ ಎಲ್ಲ ಹೊಲವನ್ನೂ ಒಂದೇ ಸಮ ಹೊಡೆಯುವುದಿಲ್ಲ.

ಇನ್ನೊಂದು ತೊಡಕು ಬೆಳೆ ಸಮೀಕ್ಷೆಯದು. ವಿಮೆ ಮೆಕ್ಕೆಜೋಳಕ್ಕೆ ಕಟ್ಟಿದ್ದು, ಸಮೀಕ್ಷೆಯ ಆ್ಯಪ್‌ನಲ್ಲಿ ಬೇರೆ ಬೆಳೆ ದಾಖಲಾಗಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಕಂಪನಿ ತಿರಸ್ಕರಿಸಿತೆಂದು ಹೇಳುವುದು ಸುಲಭ. ಆದರೆ ಆ ದಾಖಲೆ ರಾಜ್ಯದ್ದು.

ಅಡಿಕೆ, ದಾಳಿಂಬೆಯಂಥ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆ. 2007ರ ಮುಂಗಾರಿನಲ್ಲಿ ಇದರ ಪ್ರಯೋಗ ಕರ್ನಾಟಕದಲ್ಲೇ ಮೊದಲು ನಡೆದದ್ದು ಚಕ್ರವರ್ತಿಯವರ ನೆನಪಿಗೆ ಸಂದ ಗೌರವವೆಂದೇ ಭಾವಿಸುತ್ತೇನೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಇಲ್ಲಿ ಕಟಾವು ಪ್ರಯೋಗದ ಜಗಳವಿಲ್ಲ. ಜಗಳವೇನಿದ್ದರೂ ಮಾಪಕದ ಮೇಲೆ: ಅದು ಕೆಟ್ಟಿತ್ತೇ, ಅಲ್ಲಿ ಬಿದ್ದ ಮಳೆ ನಮ್ಮ ತೋಟಕ್ಕೆ ಬಿತ್ತೇ?

ಆಸ್ಪತ್ರೆಯ ಕಡೆಯಿಂದ, ಕಾರ್ಖಾನೆಯ ಕಡೆಯಿಂದ

ಆರೋಗ್ಯ ವಿಮೆಯಲ್ಲಿ ರಾಜ್ಯದ ಹಿಡಿತ ಇರುವುದು ಆಸ್ಪತ್ರೆಯ ಮೇಲೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯನ್ನು ಬಿಗಿಗೊಳಿಸಲು ಹೊರಟಾಗ, 2017ರ ನವೆಂಬರ್‌ನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ಓದುಗರಿಗೆ ನೆನಪಿರಬಹುದು. ಎರಡು ವೈದ್ಯಕೀಯ ಕಾಲೇಜುಗಳ ಊರಾದ ದಾವಣಗೆರೆಗೆ ಸುತ್ತಲಿನ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಇಲ್ಲಿ ಚಿಕಿತ್ಸಾ ದರದ ಫಲಕ ಗೋಡೆಯ ಮೇಲಿದ್ದರೆ ಅದು ಪಾಲಿಸಿಯ ಷರತ್ತಿನಷ್ಟೇ ಮುಖ್ಯ.

ಕಾರ್ಮಿಕರ ಕಥೆ ಬೇರೆ. ದಾವಣಗೆರೆಯ ಹತ್ತಿ ಗಿರಣಿಗಳು, ಹರಿಹರದ ಮೈಸೂರು ಕಿರ್ಲೋಸ್ಕರ್ ನಡೆಯುತ್ತಿದ್ದ ಕಾಲದಲ್ಲಿ ಇಎಸ್‌ಐ ಚೀಟಿ ಮನೆಮನೆಯ ಆಸ್ತಿ. 1948ರ ಕಾಯ್ದೆಯಿಂದ ಬಂದ ಈ ವ್ಯವಸ್ಥೆಯಲ್ಲಿ ನಿಗಮ ಕೇಂದ್ರದ್ದು, ಚಿಕಿತ್ಸೆ ನಡೆಸುವುದು ರಾಜ್ಯ, ವೈದ್ಯಕೀಯ ವೆಚ್ಚದ ಎಂಟನೇ ಒಂದು ಪಾಲೂ ರಾಜ್ಯದ್ದು. ಗಿರಣಿ ಮುಚ್ಚಿದಾಗ ಕೂಲಿಯ ಜೊತೆ ವಿಮೆಯೂ ಹೋಯಿತು. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಮಾಡಿದ ಕಾಯ್ದೆ ಆ ಖಾಲಿ ಜಾಗ ತುಂಬುವ ಪ್ರಯತ್ನ.

ಅಪಘಾತದ ವಿಮೆಯಲ್ಲಿ ರಾಜ್ಯ ರಚಿಸುವ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ಉಳಿದ ವಿವಾದಗಳಿಗೆ ಜಿಲ್ಲಾ ಗ್ರಾಹಕರ ಆಯೋಗ ಇವೆ. ಸಾಮಾನ್ಯ ಪಾಲಿಸಿದಾರರಿಗೆ ಕೈಗೆಟುಕುವ ನಿಯಂತ್ರಣ ಇವೇ. ಆಯೋಗದ ಸದಸ್ಯರ ಹುದ್ದೆ ಖಾಲಿ ಬಿಡುವುದು ಕೂಡ ಕಂಪನಿಗೆ ಕೊಡುವ ವಿನಾಯಿತಿಯೇ.

ವಿಮೆ ಬೇಡ, ಪರಿಹಾರ ಕೊಡಿ ಎನ್ನುವವರು

ಕಂತಿನ ಸಬ್ಸಿಡಿಯನ್ನು ಕಂಪನಿಗೆ ಕೊಡುವ ಬದಲು ನೇರ ರೈತರಿಗೆ ಕೊಡಿ ಎನ್ನುವುದು ನಾಲ್ಕನೆಯ ಪಂಥ. ಬಿಹಾರ 2018ರಲ್ಲಿ ಕೇಂದ್ರದ ಯೋಜನೆ ಬಿಟ್ಟು ತನ್ನದೇ ನೆರವು ಯೋಜನೆ ತಂದಿತು, ಗುಜರಾತ್ 2020ರಲ್ಲಿ. ಪಶ್ಚಿಮ ಬಂಗಾಳ ತನ್ನ ಹೆಸರಿನ ವಿಮೆ ಮಾಡಿಕೊಂಡಿತು. ಆಂಧ್ರ ಹೊರಗೆ ಹೋಗಿ 2022ರಲ್ಲಿ ಮರಳಿತು. ಕರ್ನಾಟಕ ಒಳಗೇ ಉಳಿಯಿತು.

ಪರಿಹಾರದ ದಾರಿಗೂ ತನ್ನದೇ ಕಷ್ಟವಿದೆ. 2023ರ ಬರಕ್ಕೆ ರಾಜ್ಯ ಕೇಂದ್ರದ ನೆರವು ಕೋರಿ, ಕೊನೆಗೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಬೇಕಾಯಿತು. 3,454 ಕೋಟಿ ರೂಪಾಯಿ ಮಂಜೂರಾದದ್ದು 2024ರ ಏಪ್ರಿಲ್‌ನಲ್ಲಿ, ಮುಂದಿನ ಬಿತ್ತನೆ ಬಾಗಿಲಲ್ಲಿದ್ದಾಗ. ವಿಮೆಯಲ್ಲಿ ರೈತನಿಗೆ ಒಪ್ಪಂದವಿದೆ, ಪರಿಹಾರದಲ್ಲಿ ಇರುವುದು ಸರ್ಕಾರದ ಮನಸ್ಸು. ನಾನು ಒಪ್ಪಂದದ ಪರ, ಅದರ ಅಳತೆ ಸರಿ ಹೋಗುವುದಾದರೆ.

ಇತ್ಯರ್ಥವಾಗದೆ ಉಳಿದವು

ಘಟಕವನ್ನು ಪಂಚಾಯಿತಿಗಿಂತ ಕೆಳಗೆ ಇಳಿಸಬಹುದೇ ಎಂಬುದು ಮೊದಲನೆಯದು. ರೈತ ಸಂಘಟನೆಗಳು ಒಬ್ಬೊಬ್ಬರ ಹೊಲವೇ ಘಟಕವಾಗಲಿ ಎನ್ನುತ್ತವೆ. ಪ್ರಯೋಗಗಳ ಸಂಖ್ಯೆ ಏರಿದಷ್ಟೂ ಸಿಬ್ಬಂದಿ ಸಾಲದಾಗುತ್ತದೆ. ಉಪಗ್ರಹ ಚಿತ್ರದಿಂದ ಇಳುವರಿ ಅಂದಾಜಿಸುವ ಕೆಲಸ ನಡೆದಿದೆ, ಆದರೆ ಅದರ ಅಂಕಿಯನ್ನು ರೈತರು ಪ್ರಶ್ನಿಸುವುದು ಹೇಗೆಂಬುದಕ್ಕೆ ಉತ್ತರವಿಲ್ಲ.

ಎರಡನೆಯದು ತಡ. 2018ರ ಮಾರ್ಗಸೂಚಿ ತಡ ಮಾಡಿದ ಕಂಪನಿಗೂ, ಸಬ್ಸಿಡಿ ತಡ ಮಾಡಿದ ರಾಜ್ಯಕ್ಕೂ ಶೇ 12 ಬಡ್ಡಿ ಹೇಳಿತು. ರಾಜ್ಯದಿಂದ ಆ ಬಡ್ಡಿ ವಸೂಲು ಮಾಡುವವರು ಯಾರು?

ಹೊಳೆ ದಂಡೆಯ ಭತ್ತದ್ದು ಮೂರನೆಯದು. ತುಂಗಭದ್ರೆ ಉಕ್ಕಿ ಗದ್ದೆ ಮುಳುಗುವ ನಷ್ಟವನ್ನು 2018ರಲ್ಲಿ ಸ್ಥಳೀಯ ವಿಕೋಪದ ಪಟ್ಟಿಯಿಂದ ಭತ್ತದ ಮಟ್ಟಿಗೆ ತೆಗೆಯಲಾಗಿತ್ತು. 2026ರ ಮುಂಗಾರಿನಿಂದ ಅದನ್ನು ಮತ್ತೆ ಸೇರಿಸುವುದಾಗಿ, ಕಾಡುಪ್ರಾಣಿಗಳ ಹಾವಳಿಗೂ ಅವಕಾಶ ಕೊಡುವುದಾಗಿ ಕೇಂದ್ರ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಎಲ್ಲಿ, ಯಾವ ಪ್ರಾಣಿಗೆ ಎಂದು ಗುರುತಿಸುವ ಹೊಣೆ ಮತ್ತೆ ರಾಜ್ಯದ್ದೇ.

ಟ್ರಸ್ಟ್‌ಗಳ ಮೇಲೆ ಸ್ವತಂತ್ರ ಮೇಲ್ವಿಚಾರಣೆ ಹೇಗಿರಬೇಕೆಂಬುದೂ ಬಗೆಹರಿದಿಲ್ಲ. ಕೊನೆಯದು ರಾಜ್ಯಗಳ ದನಿಯ ಪ್ರಶ್ನೆ. ಜೀವ ಮತ್ತು ಆರೋಗ್ಯ ವಿಮೆಯ ವೈಯಕ್ತಿಕ ಪಾಲಿಸಿಗಳ ಮೇಲಿದ್ದ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಯಿತು. ಆ ತೀರ್ಮಾನ ಮಾಡಿದ ಜಿಎಸ್‌ಟಿ ಮಂಡಳಿಯಲ್ಲಿ ಮೂರನೇ ಎರಡು ಪಾಲು ಮತಬಲ ರಾಜ್ಯಗಳದು. ತೆರಿಗೆಯಲ್ಲಿ ರಾಜ್ಯಗಳಿಗೆ ದನಿ ಇರುವಾಗ, ಪಾಲಿಸಿಯ ನಿಯಮ ಮಾಡುವಾಗ ಯಾಕಿಲ್ಲ ಎಂಬ ಪ್ರಶ್ನೆ ಇನ್ನು ಮುಂದೆ ಜೋರಾಗಲಿದೆ.

ಇವಕ್ಕೆಲ್ಲ ಉತ್ತರ ಸಿಗುವವರೆಗೆ ಕಾಯದೆ ದಾವಣಗೆರೆ ಜಿಲ್ಲಾಡಳಿತ ಒಂದು ಕೆಲಸ ಮಾಡಬಹುದು. ಪ್ರತಿ ಪಂಚಾಯಿತಿಯ ಕಟಾವು ಪ್ರಯೋಗದ ನಾಲ್ಕೂ ಅಂಕಿಗಳನ್ನು, ಯಾವ ಸರ್ವೆ ನಂಬರಿನಲ್ಲಿ, ಯಾವ ದಿನ ಎಂಬುದರ ಸಮೇತ, ಪರಿಹಾರದ ಲೆಕ್ಕ ಅಂತಿಮವಾಗುವ ಮೊದಲೇ ಗ್ರಾಮ ಸಭೆಯಲ್ಲಿ ಓದಿ ಹೇಳಲಿ. ಇದಕ್ಕೆ ಸಂಸತ್ತಿನ ಕಾಯ್ದೆಯಾಗಲಿ ಹೈದರಾಬಾದಿನ ಒಪ್ಪಿಗೆಯಾಗಲಿ ಬೇಕಿಲ್ಲ.